ಅಪ್ಪಯ್ಯನ ಫ್ರಿಜ್ಜು, ನನ್ನ ಸ್ಕಾಲರ್‌ಶಿಪ್ಪು

ಆಗಸ್ಟ್ 12, 2010, ಗುರುವಾರ

ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ಇವತ್ತು ವಿದ್ಯಾರ್ಥಿವೇತನದ ಪ್ರಕಟಣೆ ಹಾಕಿದ್ದಾರೆ. ಡಿಗ್ರಿ ಓದುವವರಿಗೆ ಸರ್ಕಾರ ಕೊಡುವುದು. ಮನೆಯ ವರಮಾನ ಮಿತಿಯೊಳಗೆ ಇರಬೇಕು, ಇದೆ ಎಂಬುದಕ್ಕೆ ಆದಾಯ ಪ್ರಮಾಣಪತ್ರ ತರಬೇಕು. ಮುಂದಿನ ತಿಂಗಳು ಹದಿನೈದಕ್ಕೆ ಕೊನೆ.

ಓದಿ ನಗು ಬಂತು. ಎಸ್ಸೆಸ್ಸೆಲ್ಸಿಯಲ್ಲೂ ಪಿಯುಸಿಯಲ್ಲೂ ನಾನು ಸೆಕೆಂಡ್ ಕ್ಲಾಸು. ಬಡತನದಲ್ಲಿ ಮಾತ್ರ ನಮ್ಮ ಮನೆಗೆ ಡಿಸ್ಟಿಂಕ್ಷನ್ ಗ್ಯಾರಂಟಿ. ಅಪ್ಪಯ್ಯ ಕಂಡವರ ಬೋಟಿನಲ್ಲಿ ಕೆಲಸಕ್ಕೆ ಹೋಗುವವರು, ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ಈ ಪರೀಕ್ಷೆಗೆ ಓದುವುದೇ ಬೇಡ ಎಂದುಕೊಂಡು ಬಸ್ಸು ಹತ್ತಿದೆ.

ಮನೆಯಲ್ಲಿ ಹೇಳಿದರೆ ಅಮ್ಮ ಮೀನಿನ ಬುಟ್ಟಿ ತೊಳೆಯುತ್ತಲೇ ತೀರ್ಪು ಕೊಟ್ಟಳು. "ಅದ್ ಬಂದ್ರೆ ಕಾಲೇಜ್. ಬರ್ದಿದ್ರೆ ದೀಪಾವಳಿ ಕಳ್ದದ್ದೇ ಗೇರ್‌ಬೀಜದ ಫ್ಯಾಕ್ಟ್ರಿ. ರೈಟ್ರ ಹತ್ರ ಮಾತಾಡಿ ಇಟ್ಟಿದೆ."

ಅಮ್ಮ ತಮಾಷೆ ಮಾಡುವವಳಲ್ಲ. ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ರೈಟರ ಹತ್ತಿರ ಮಾತಾಡಿದ್ದೂ ನಿಜವೇ ಇರಬೇಕು. ಗೇರುಬೀಜ ಸುಲಿದು ಕೈ ಕಪ್ಪಾದ ಮೇಲೆ ಬಿ.ಕಾಂ. ಕನಸು ಕಾಣುವುದೂ ಕಷ್ಟ.

ಆಗಸ್ಟ್ 13, ಶುಕ್ರವಾರ

ಆದಾಯ ಪ್ರಮಾಣಪತ್ರದ ಅರ್ಜಿ ತುಂಬಲು ಕೂತೆ. ತಂದೆಯ ಹೆಸರು: ಸೂರ. ಉದ್ಯೋಗ: ಕೂಲಿ.

"ಹ್ವಾಯ್, ಅದೆಂತ ಬರ್ದೆ?" ಎಂದರು ಅಪ್ಪಯ್ಯ. ಅವರಿಗೆ ಕನ್ನಡಕ ಇಲ್ಲದೆ ಪೇಪರಿನ ಹೆಡ್ಡಿಂಗು ಕಾಣುವುದಿಲ್ಲ, ಇದು ಮಾತ್ರ ಕಂಡಿತು.

"ಕೂಲಿ ಅಂತ."

"ಕೂಲಿಯಾ? ನಾ ಎಂತ ಮಣ್ಣ್ ಹೊರ್ತ್ನಾ? ಹೊಡ್ದ್ ಹಾಕ್ ಅದನ್ನ್. ‘ಮೀನುಗಾರಿಕಾ ಉದ್ಯಮಿ’ ಅಂದ್ಹೇಳಿ ಬರಿ."

ಉದ್ಯಮಿಯಂತೆ! ಉದ್ಯಮಿಯ ಮಗಳು ಹವಾಯಿ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡು ಕಾಲೇಜಿಗೆ ಹೋಗುತ್ತಿದ್ದಾಳೆ. ಕೊನೆಗೆ ‘ಮೀನುಗಾರಿಕೆ’ ಎಂದಷ್ಟೇ ಬರೆದು ರಾಜಿ ಮಾಡಿಕೊಂಡೆವು.

ಅಪ್ಪಯ್ಯನ ಬಡಾಯಿಗೆ ಮೂಲ ಆ ಫ್ರಿಜ್ಜು. ಯಾರಿಗೂ ಹೇಳುವ ಹಾಗಿಲ್ಲ, ಆದ್ದರಿಂದ ಇಲ್ಲಿ ಬರೆದು ಹೊಟ್ಟೆ ಹಗುರ ಮಾಡಿಕೊಳ್ಳುತ್ತೇನೆ. ಬೊಂಬಾಯಿ ಅತ್ತೆ ತಾವು ಹೊಸದು ತಗೊಂಡಾಗ ಹಳೆಯದನ್ನು ಅಣ್ಣನಿಗೆಂದು ಲಾರಿಗೆ ಹಾಕಿಸಿದರು. ಬಂದ ದಿನ ಪೂಜೆ ಮಾಡಿ, ಹೂ ಹಾಕಿ, ಸ್ವಿಚ್ಚು ಒತ್ತಿದರೆ ‘ಢಬ್’ ಅಂತ ಇಡೀ ಕೇರಿಯ ಕರೆಂಟೇ ಹೋಯಿತು. ಆಮೇಲೆ ಕೇರಿಗೆ ಕರೆಂಟು ಬಂತು, ಫ್ರಿಜ್ಜಿಗೆ ಜೀವ ಬರಲಿಲ್ಲ. ಅಪ್ಪಯ್ಯ ಮಾತ್ರ ಹೊರಗೆ ಹೋಗಿ, "ಎಷ್ಟ್ ದೊಡ್ಡ್ ಮಿಶಿನ್ ಕಾಣಿ, ಕೇರಿ ಕರೆಂಟೆಲ್ಲ ಒಂದೇ ಗುಕ್ಕಿಗ್ ಕುಡ್ಕಂತ್!" ಎಂದು ಎಲ್ಲರಿಗೂ ಹೇಳಿ ಬಂದರು.

ಅಲ್ಲಿಂದ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಬಂದರಿನ ಐಸ್ ಪ್ಲಾಂಟಿನಲ್ಲಿ ಮೀನಿಗೆ ಹಾಕುವ ಮಂಜುಗಡ್ಡೆಯ ಚೂರು ಹೆಗಲ ಮೇಲಿನ ಬೈರಾಸಿನಲ್ಲಿ ಕಟ್ಟಿಕೊಂಡು ಬಂದು ಫ್ರಿಜ್ಜಿನಲ್ಲಿಡುವುದು. ಸಂಜೆ ಯಾರಾದರೂ ಕೇರಿಯಲ್ಲಿ ಹೋಗುತ್ತಿದ್ದರೆ, "ಬನಿ, ಫ್ರಿಜ್ಜಿನ್ ಶರಬತ್ತ್ ಕುಡ್ಕಂಡ್ ಹೋಯ್ನಿ" ಎಂದು ಕರೆಯುವುದು. ಬಾಗಿಲು ತೆರೆದರೆ ಲೈಟು ಹತ್ತಬೇಕಲ್ಲ? ಅದಕ್ಕೆ ಒಳಗೆ ಒಂದು ಟಾರ್ಚು ಕಟ್ಟಿದ್ದಾರೆ. "ಒಂದ್ಗಳಿ, ಸಾಮಾನ್ ಸರಿ ಮಾಡ್ತೆ" ಎಂದು ಮೊದಲು ಕೈ ಹಾಕಿ ಟಾರ್ಚು ಒತ್ತಿ, ಆಮೇಲೆ ಬಾಗಿಲು ಪೂರ್ತಿ ತೆರೆಯುತ್ತಾರೆ. ಕೆಳಗಿನ ಖಾನೆಯಲ್ಲಿ ಅಮ್ಮನ ಸೀರೆ, ಅದರ ಕೆಳಗೆ ಒಣಮೀನು.

ಆ ಶರಬತ್ತಿಗೆ ಬಂಗಡೆಯ ವಾಸನೆ. ನಾನು ಒಂದು ಗುಟುಕೂ ಕುಡಿಯುವುದಿಲ್ಲ.

ಆಗಸ್ಟ್ 24, ಮಂಗಳವಾರ

ಅಯ್ಯೋ ದೇವರೇ. ನಾನು ಕಾಲೇಜಿನಲ್ಲಿದ್ದಾಗ ಗ್ರಾಮಲೆಕ್ಕಿಗರು ಮನೆ ನೋಡಲು ಬಂದು ಹೋಗಿದ್ದಾರೆ! ಬಂದದ್ದು ಅವರೇ ಎಂದು ಅಪ್ಪಯ್ಯನಿಗೆ ಗೊತ್ತೇ ಇಲ್ಲ. ನಾನು ಕೇಳಿದ್ದಕ್ಕೆ ಹೀಗೆ ಹೇಳಿದರು:

"ಯಾರೂ ಬರ್ಲಿಲ್ಲೆ. ಬೈಕಂಗೆ ಒಬ್ರ್ ಬಂದಿರ್, ಹೊಸ್ಬ್ರ್. ಸಿದ್ದಾಪುರದ್ ಬದಿಯರ್ ಅಂಬ್ರ್. ‘ಸೂರ ಅವ್ರ ಮನಿ ಇದೇಯಾ’ ಅಂತ ಕೇಂಡ್ರ್. ಪಾಪ, ಬೆವರಿ ನೀರಾಯಿದಿರ್. ಒಳ್ಗ್ ಕರ್ದ್ ಶರಬತ್ತ್ ಕೊಟ್ಟೆ."

"ಮತ್ತೆಂತ ಹೇಳಿದ್ರಿ?"

"ಎಂತ ಹೇಳುದ್? ಇಪ್ಪುದನ್ನೇ ಹೇಳ್ದೆ. ಫ್ರಿಜ್ಜ್ ಹಗ್ಲ್ ರಾತ್ರಿ ಓಡತ್ತ್, ಬೊಂಬಾಯಂಗೆ ತಂಗಿ ಇತ್ತ್, ಬೋಟಂಗೆ ನಮ್ದ್ ಪಾಲ್ ಇತ್ತ್..."

"ಯಾವ ಬೋಟ್? ಯಾವ ಪಾಲ್?"

"ಹಿಡ್ದ್ ಮೀನಂಗ್ ನಂಗೊಂದ್ ಪಾಲ್ ಕೊಡ್ತ್ರಲೆ? ಅದ್ ಪಾಲಲ್ದಾ?"

ಬೋಟಿನ ಆಳುಗಳಾದ ಕಲಸಿಗರಿಗೆಲ್ಲ ಸಾರು ಮಾಡಲೆಂದು ಕೊಡುವ ನಾಲ್ಕು ಮೀನು! ಅವರು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡರಂತೆ. "ನನ್ ಮಾತ್ ಕೇಣುಕ್ ಅವ್ರಿಗ್ ರಾಶಿ ಖುಷಿ ಆಯ್ತ್" ಎಂದು ಅಪ್ಪಯ್ಯ ಇನ್ನೂ ಮೀಸೆ ತಿರುವುತ್ತಿದ್ದಾರೆ. 

ಸೆಪ್ಟೆಂಬರ್ 2, ಗುರುವಾರ

ಆದಾಯ ಪ್ರಮಾಣಪತ್ರದ ಅರ್ಜಿ ತಿರಸ್ಕೃತ. ‘ಅರ್ಜಿದಾರರ ಕುಟುಂಬ ಸ್ಥಿತಿವಂತರಾಗಿದ್ದು’ ಎಂದು ಶುರುವಾಗುತ್ತದೆ. ಮುಂದೆ ಓದಲಿಲ್ಲ.

ನೇರ ಗ್ರಾಮಲೆಕ್ಕಿಗರ ಕಚೇರಿಗೆ ಹೋದೆ. ಲೀಲಾಧರ ಎಂದು ಹೆಸರು. ಕೆಟ್ಟವರೇನಲ್ಲ, ಆದರೆ ಎದುರಿನ ಕುರ್ಚಿಯಲ್ಲಿ ಕೂರಿಸಿ ಸಮಾಧಾನದಲ್ಲಿ ಹೇಳಿದ ಮಾತು ಎದೆಗೆ ಇರಿಯಿತು.

"ಸಾರ್, ಆ ಫ್ರಿಜ್ಜ್ ಕೆಟ್ಟದ್ದ್. ಬಂದ ದಿನವೇ ಕೆಟ್ಟದ್ದ್," ಎಂದೆ.

"ನಾನೇ ತಣ್ಣಗಿನ್ ಶರಬತ್ತ್ ಕುಡ್ದಿದೆ ತಂಗಿ. ಲೈಟೂ ಹತ್ತತ್ತ್."

"ಅದ್ ಟಾರ್ಚ್ ಸಾರ್."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಇಂಥ ಸುಳ್ಳನ್ನು ಅವರ ಸರ್ವೀಸಿನಲ್ಲಿ ಯಾರೂ ಹೇಳಿರಲಿಕ್ಕಿಲ್ಲ.

"ಕಾಣ್ ತಂಗಿ, ಮನಿ ಯಜಮಾನ್ರೇ ಒಂದ್ ಹೇಳಿಕಿ ಕೊಟ್ಟಿರ್. ಅದ್ ತಪ್ಪ್ ಅಂದ್ರೆ ಅವ್ರೇ ಹೇಳ್ಕ್. ಬುಧವಾರ ಇನ್ನೊಂದ್ ಸಲ ಬತ್ತೆ. ಕೇರಿಯರ್ ಇಬ್ರನ್ನ್ ಪಂಚರ್ ಅಂದ್ಹೇಳಿ ನಿಲ್ಸಿ, ಅವ್ರೆದ್ರಿಗೆ ನಿಮ್ಮ್ ಅಪ್ಪಯ್ಯ ಹೇಳಿದ್ದನ್ನ್ ಬರ್ಕಂತೆ. ಮಹಜರ್ ಅಂದ್ರೆ ಹಾಂಗೇ."

ಅಂದರೆ ಅಪ್ಪಯ್ಯ ಕೇರಿಯ ಎದುರು ನಿಂತು ‘ನನ್ನ ಫ್ರಿಜ್ಜು ಓಡುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕಿಂತ ನಾನು ಈಜಿಕೊಂಡು ಬೊಂಬಾಯಿಗೆ ಹೋಗುವುದು ಸುಲಭ.

ಸೆಪ್ಟೆಂಬರ್ 4, ಶನಿವಾರ

ಮನೆಯಲ್ಲಿ ಮಹಾಯುದ್ಧ. ಅಪ್ಪಯ್ಯ ಒಪ್ಪುತ್ತಿಲ್ಲ. "ವೋಲ್ಟೇಜ್ ಕಮ್ಮಿ ಅಂದ್ಹೇಳಿ ಬೇಕಾರೆ ಹೇಳ್ತೆ. ಕೆಟ್ಟದ್ದ್ ಅಂದ್ ಹೇಳುಕ್ ಆತ್ತಿಲ್ಲೆ" ಎಂದು ಚಾವಡಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ.

ನಾನೂ ಸಿಟ್ಟಿನಲ್ಲಿ ಹೇಳಬಾರದ್ದು ಹೇಳಿದೆ. "ನಿಮಗೆ ಮಗಳಿಗಿಂತ ಆ ಡಬ್ಬಿಯೇ ಹೆಚ್ಚು!" ಅಪ್ಪಯ್ಯ ತಿರುಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮ ಯಾರ ಪಕ್ಷವನ್ನೂ ಹಿಡಿಯದೆ ಕುಂಭಾಶಿ ಬದಿಗೆ ಕೈ ಮುಗಿದು, "ಆನೆಗುಡ್ಡೆ ಗಣಪತಿ, ನಾವ್ ಬಡವ್ರ್ ಅಂದ್ ಸರ್ಕಾರಕ್ಕ್ ಗೊತ್ತಾರೆ ನಿಂಗ್ ಪಂಚಕಜ್ಜಾಯ ಮಾಡ್ಸ್ತೆ" ಎಂದು ಹರಕೆ ಹೊತ್ತಳು. ಇಂಥ ಹರಕೆ ಗಣಪತಿಗೂ ಹೊಸತೇ.

ಸೆಪ್ಟೆಂಬರ್ 5, ಭಾನುವಾರ

ಅಪ್ಪಯ್ಯನಿಗೆ ಬಡವರಾಗುವ ಟ್ರೇನಿಂಗ್ ಕೊಟ್ಟೆ. ಬೆಳಿಗ್ಗೆ ತಾವಾಗಿಯೇ ಎದ್ದು ಬಂದು, "ಹ್ಯಾಂಗ್ ಹೇಳ್ಕ್, ಹೇಳಿಕೊಡ್ ಕಾಂಬ" ಎಂದರು. ನಾನು ಗ್ರಾಮಲೆಕ್ಕಿಗ, ಅವರು ಅವರೇ.

ಮೊದಲು ವೇಷ. ಹರಿದ ಲುಂಗಿ ಉಡಿಸಿದೆ. ಹತ್ತಿರ ಬಂದರೆ ಘಮಘಮ!

"ಅಪ್ಪಯ್ಯ, ಬಡವರು ಸೆಂಟ್ ಹಾಕ್ಕಂತ್ರಾ?"

"ಸಾಹೇಬ್ರ್ ಬಪ್ಪತಿಗೆ ಮೀನ್ ವಾಸ್ನಿ ಬಂದ್ರೆ ಮರ್ಯಾದಿ ಅಲ್ದೆ."

ಆಮೇಲೆ ಮಾತು. "ನಿಮ್ಮ ವರಮಾನ ಹೇಗಿದೆ?" ಎಂದು ಕೇಳಿದೆ. ಅಪ್ಪಯ್ಯ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ, "ಕಷ್ಟ ಇತ್ತ್ ಸಾರ್" ಎಂದರು. ಭಲೇ ಎಂದುಕೊಳ್ಳುವಷ್ಟರಲ್ಲಿ ತಲೆ ಎತ್ತಿ, "ಆರೆ ನಮ್ಗ್ ಕಷ್ಟ ಅಂಬ್ದ್ ಎಂತ ಲೆಕ್ಕ ಸಾರ್, ಹೋದ್ ವರ್ಷ ಒಂದೇ ಬಲಿಯಂಗೆ..." ಎಂದು ಶುರು. ಬಲೆಯಲ್ಲಿ ಮೀನು ತುಂಬಿ, ಬೋಟು ವಾಲಿ, ಬಂದರಿನ ತುಂಬ ಜನ ಸೇರುವವರೆಗೂ ನಿಲ್ಲಲಿಲ್ಲ. ಗ್ರಾಮಲೆಕ್ಕಿಗನಾದ ನಾನೂ ಬಾಯಿ ಬಿಟ್ಟುಕೊಂಡು ಕೇಳುತ್ತ ಕೂತೆ. ಮೀನಿನ ಕತೆ ಹೇಳಿದರೆ ಅಪ್ಪಯ್ಯನೇ ಹೇಳಬೇಕು.

ಒಟ್ಟಿನಲ್ಲಿ ಫೇಲು. ಫ್ರಿಜ್ಜಿನ ವಿಷಯಕ್ಕೆ ನಾವು ಬರಲೇ ಇಲ್ಲ.

ಸೆಪ್ಟೆಂಬರ್ 8, ಬುಧವಾರ

ಇವತ್ತಿನದ್ದು ಸಾವಕಾಶ ಬರೆಯಬೇಕು.

ಕಾಲೇಜಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಪಂಚರಾಗಲು ಪಕ್ಕದ ಮನೆಯ ಜಲಜಕ್ಕ, ಬಲೆ ಕಟ್ಟುವ ಕುಷ್ಟಣ್ಣ ಇಬ್ಬರೂ ಒಪ್ಪಿದ್ದರು. ಎಂತಕ್ಕೆ ಎಂದು ನಾನು ಬಾಯಿ ಬಿಟ್ಟಿರಲಿಲ್ಲ. ಸ್ವಲ್ಪ ಸೊಪ್ಪು ಕೊಯ್ಯಲು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಚಾವಡಿಯಲ್ಲಿ ಫ್ರಿಜ್ಜೇ ಇಲ್ಲ! ಗೋಡೆಯ ಮೇಲೆ ಅದರ ಆಕಾರದ ಬಿಳಿ ಗುರುತು ಮಾತ್ರ.

ಹೊರಗೆ ಓಡಿದರೆ ಅಪ್ಪಯ್ಯ, ಕುಷ್ಟಣ್ಣ, ಬಂದರಿನ ಮತ್ತಿಬ್ಬರು ಸೇರಿ ಫ್ರಿಜ್ಜನ್ನು ಹಳೆ ಬಲೆಯಲ್ಲಿ ಸುತ್ತಿ, ಬಿದಿರಿಗೆ ಕಟ್ಟಿ, ಬೋಟಿನ ಇಂಜಿನು ಹೊರುವ ಹಾಗೆ ಹೊತ್ತುಕೊಂಡು ಕಡಲ ಬದಿಗೆ ಹೊರಟಿದ್ದಾರೆ. ಕೂಗು ಬೇರೆ: "ಐಸಾ! ಐಸಾ!" ಗುಟ್ಟಾಗಿ ಮಾಡುವ ಕೆಲಸಕ್ಕೂ ಈ ಜನಕ್ಕೆ ಕೂಗು ಬೇಕು.

"ಎಂತ ಮಾಡ್ತ್ರಿ ಅಪ್ಪಯ್ಯ!"

"ಫ್ರಿಜ್ಜೇ ಇಲ್ದಿರೆ ಅದ್ ಕೆಟ್ಟದ್ದ್ ಅಂದ್ ಹೇಳುದ್ ಎಂತಕ್ಕೆ? ದೋಣಿ ಚಪ್ಪರದ ಅಡಿಗ್ ಇಟ್ಟ್ ಬತ್ತೆ. ನೀ ಒಳ್ಗ್ ಹೋಗ್."

ನಮ್ಮ ಕೇರಿಯ ದಾರಿ ಎಷ್ಟು ಅಗಲ ಎಂದರೆ ಎದುರಿನಿಂದ ದನ ಬಂದರೆ ನಾವು ಬೇಲಿಗೆ ಆತುಕೊಳ್ಳಬೇಕು. ಆ ದಾರಿಯಲ್ಲಿ ಎದುರಿನಿಂದ ಬಂದದ್ದು ಲೀಲಾಧರ ಸಾರ್‌ರ ಬೈಕು.

ಪಾಪ, ಅವರು ಮರ್ಯಾದಸ್ಥರು. ಬೈಕನ್ನು ಬೇಲಿಗೆ ಒರಗಿಸಿ ದಾರಿ ಬಿಟ್ಟು ನಿಂತರು. ಅರ್ಧ ಫ್ರಿಜ್ಜು ಅವರನ್ನು ದಾಟಿಯೂ ಆಗಿತ್ತು.

"ಎಂತ ಸೂರಣ್ಣ ಅದ್?"

"ಇಂಜಿನ್ ಸಾರ್. ಬೋಟಿಂದ್."

"ಬಾರಿ ಬಿಳಿ ಇಂಜಿನ್ ಅಲೆ."

"ಹೊಸ್ತ್ ಸಾರ್."

ಆಗಲೇ ಕುಷ್ಟಣ್ಣನ ಕಾಲು ಬೇಲಿಯ ಬುಡದ ಕಲ್ಲಿಗೆ ತಾಗಿ ಬಿದಿರು ವಾಲಿತು. ಬಲೆಯೊಳಗೇ ಇಂಜಿನಿನ ಬಾಗಿಲು ತೆರೆಯಿತು. ಮೊದಲು ಅಮ್ಮನ ಮದುವೆ ಸೀರೆ, ಆಮೇಲೆ ಒಣಮೀನಿನ ಕಟ್ಟು, ಕೊನೆಗೆ ಟಾರ್ಚು ಹಗ್ಗದ ಸಮೇತ ಇಳಿದು ಸಾರ್‌ರ ಮೂಗಿನ ಎದುರು ಜೋಲಾಡತೊಡಗಿತು. ಬಿದ್ದ ಪೆಟ್ಟಿಗೆ ಅದು ಹತ್ತಿಯೂ ಇತ್ತು.

ಕೇರಿಯೆಲ್ಲ ಸೇರಿತು. ಜಲಜಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಅಮ್ಮ ಸೀರೆ ಹೆಕ್ಕುತ್ತಿದ್ದಳು. ಲೀಲಾಧರ ಸಾರ್ ಟಾರ್ಚನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಚೀಲದಿಂದ ಕಾಗದ ತೆಗೆದು ಬೈಕಿನ ಸೀಟಿನ ಮೇಲಿಟ್ಟು ಕೇಳಿದರು.

"ಪಂಚರ್ ಇಬ್ರೂ ಇಲ್ಲೇ ಇದಿರ್. ಸೂರಣ್ಣ, ಒಂದೇ ಮಾತ್ ಹೇಳಿ. ಈ ಫ್ರಿಜ್ಜ್ ಓಡತ್ತಾ, ಇಲ್ಲ್ಯಾ?"

ಅಪ್ಪಯ್ಯನ ಹೆಗಲ ಮೇಲೆ ಬಿದಿರು, ಮೈಯೆಲ್ಲ ಬೆವರು. ಕೇರಿಯವರ ಮುಖ ಒಂದೊಂದಾಗಿ ನೋಡಿದರು. ಅವರನ್ನು ಹಾಗೆ ನಾನು ಯಾವತ್ತೂ ಕಂಡಿರಲಿಲ್ಲ. ಕಡಲಿನಲ್ಲಿ ದೋಣಿ ಮಗುಚಿದ ಕತೆ ಹೇಳುವಾಗಲೂ ಎದೆ ಉಬ್ಬಿಸುವ ಮನುಷ್ಯ, ಆಗ ಅಲ್ಲಿ ಸಣ್ಣಗಾಗಿ ನಿಂತಿದ್ದರು.

"ಓಡತ್ತ್ ಸಾರ್!" ಎಂದು ಯಾರೋ ಕೂಗಿದರು.

ನಾನೇ.

"ನಿನ್ನೆ ತನಕ ಲಾಯ್ಕ್ ಓಡ್ತಿತ್ತ್ ಸಾರ್. ಐಸೂ ಆತ್ತಿತ್ತ್. ರಿಪೇರಿಗೆ ತಕಂಡ್ ಹೋಪ್ದ್ ಅಷ್ಟೇ."

ಬಾಯಿಗೆ ಅದು ಯಾಕೆ ಬಂತೋ, ಮಳೆ ಬಿಟ್ಟು ಬಿಸಿಲು ಜೋರಾಗಿತ್ತು, ಅದಕ್ಕೇ ಇರಬೇಕು. ಸಾರ್ ಪೆನ್ನಿನ ಟೊಪ್ಪಿ ಮುಚ್ಚಿದರು.

ಅಪ್ಪಯ್ಯ ನನ್ನನ್ನೇ ನೋಡುತ್ತಿದ್ದರು. ಮೆಲ್ಲ ಬಿದಿರು ಇಳಿಸಿದರು.

"ಹೆಣ್ಣ್ ಸುಳ್ಳ್ ಹೇಳತ್ತ್ ಸಾರ್," ಎಂದರು, ಇಡೀ ಕೇರಿಗೆ ಕೇಳುವ ಹಾಗೆ. "ಬರ್ಕಣಿ. ಬಂದ್ ದಿನದಿಂದ್ಲೂ ಇದ್ ಓಡ್ಲಿಲ್ಲೆ. ಐಸ್ ನಾ ಪ್ಲಾಂಟಿಂದ್ ತಕಂಡ್ ಬಪ್ಪುದ್. ಲೈಟ್ ಅಂಬ್ದ್ ಅದೇ ಟಾರ್ಚ್. ಬೋಟಂಗೆ ಪಾಲೂ ಇಲ್ಲೆ, ನಾ ಕಲಸಿಗ. ಬಡವ ಅಂದ್ಹೇಳಿ ಬರ್ಕಣಿ."

 ಜಲಜಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ನಾ ಎಲ್ಲ್ ಸಹಿ ಹಾಕ್ಕ್ ಸಾರ್? ಇದ್ ಕೇರಿಗೆಲ್ಲ ಗೊತ್ತಿಪ್ಪುದೇ. ಬಂಗ್ಡಿ ವಾಸ್ನಿ ಶರಬತ್ತ್ ಯಾವ್ ಫ್ರಿಜ್ಜಂಗ್ ಆತ್ತ್?"

"ಗೊತ್ತಿದ್ರೆ ಮತ್ತೆಂತಕ್ಕ್ ಕುಡೀತಿದ್ರಿ?" ಎಂದೆ ನಾನು.

"ಸೂರಣ್ಣ ಅಷ್ಟ್ ಖುಷಿಯಂಗೆ ಕರ್ದ್ ಕೊಡುವತಿಗೆ ಬ್ಯಾಡ ಅಂಬ್ದ್ ಹ್ಯಾಂಗೆ ಹೆಣೆ?"

ಲೀಲಾಧರ ಸಾರ್ ಬರೆಯುತ್ತ ಬರೆಯುತ್ತ, "ನಾ ಕಡಲ್ ಬದಿ ನೀರೇ ಹಾಂಗೆ ಅಂದ್ಕಂಡಿದೆ" ಎಂದರು. ಎರಡು ದಿನ ಅವರು ಕಚೇರಿಗೆ ರಜೆ ಹಾಕಿದ್ದರಂತೆ, ಹೊಟ್ಟೆ ಸರಿ ಇಲ್ಲದೆ.

ಸೆಪ್ಟೆಂಬರ್ 11, ಶನಿವಾರ, ಚೌತಿ

ಕಡುಬು ಮಾಡಿದೆವು. ಫ್ರಿಜ್ಜು ಮತ್ತೆ ಚಾವಡಿಯ ತನ್ನ ಬಿಳಿ ಗುರುತಿಗೆ ಬಂದು ನಿಂತಿದೆ. ಅಪ್ಪಯ್ಯ ಯಾರನ್ನೂ ಶರಬತ್ತಿಗೆ ಕರೆಯಲಿಲ್ಲ.

ಸೆಪ್ಟೆಂಬರ್ 14, ಮಂಗಳವಾರ

ಪ್ರಮಾಣಪತ್ರ ಸಿಕ್ಕಿತು! ಸೀಲು, ಸಹಿ, ಎಲ್ಲ ಸರಿ. ನಾವು ಅಧಿಕೃತ ಬಡವರು. ಕೊನೆಯ ದಿನಕ್ಕೆ ಒಂದು ದಿನ ಮುಂಚೆ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ಪಿನ ಅರ್ಜಿ ಕೊಟ್ಟು, ಬರುವಾಗ ಅಮ್ಮನೊಟ್ಟಿಗೆ ಕುಂಭಾಶಿಗೆ ಹೋಗಿ ಪಂಚಕಜ್ಜಾಯ ಮಾಡಿಸಿ ಬಂದೆ. ದೇವಸ್ಥಾನದ ಮೆಟ್ಟಿಲಲ್ಲಿ ಕುಣಿಯಬೇಕು ಅನಿಸಿತು.

ಮನೆಗೆ ಬಂದು ಅಪ್ಪಯ್ಯನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಲಾಯ್ಕಾಯ್ತ್ ಮಗಾ" ಎಂದು ವಾಪಸು ಕೊಟ್ಟರು. ಅಷ್ಟೇ. ಒಂದು ಕತೆಯೂ ಇಲ್ಲ.

ಅಕ್ಟೋಬರ್ 10, ಭಾನುವಾರ

ಅಪ್ಪಯ್ಯ ಕೆಲಸದಿಂದ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಬಲೆಯಲ್ಲಿ ಎಂತ ಬಿತ್ತು ಎಂದರೆ "ಮೀನ್" ಎನ್ನುತ್ತಾರೆ. ಸಂಜೆ ಕೇರಿಯವರು ನಮ್ಮ ಮನೆಯೆದುರು ಸ್ವಲ್ಪ ನಿಧಾನಕ್ಕೆ ನಡೆಯುತ್ತಾರೆ, ಯಾರೂ ಕರೆಯದೆ ಮುಂದೆ ಹೋಗುತ್ತಾರೆ. ಮನೆ ಭಣಭಣ.

ಒಳ್ಳೆಯದೇ ಆಯಿತು. ಓದಲು ಪುರುಸೊತ್ತು ಸಿಗುತ್ತದೆ.

ಅಕ್ಟೋಬರ್ 11, ಸೋಮವಾರ

ಏನೂ ಓದಲಾಗಲಿಲ್ಲ.

ಫೆಬ್ರವರಿ 20, 2011, ಭಾನುವಾರ

ಎಷ್ಟು ದಿನವಾಯಿತು ಬರೆಯದೆ! ಸ್ಕಾಲರ್‌ಶಿಪ್ ಶುಕ್ರವಾರ ಖಾತೆಗೆ ಬಂದಿದೆ. ದೀಪಾವಳಿಯಿಂದ ಕಾಯಿಸಿಟ್ಟಿದ್ದ ಗೇರುಬೀಜದ ರೈಟರಿಗೆ ಅಮ್ಮನೇ ಹೋಗಿ, "ನಮ್ಮ್ ಹೆಣ್ಣ್ ಬತ್ತಿಲ್ಲೆ" ಎಂದು ಹೇಳಿ ಬಂದಳು. ಆ ಮಾತು ಹೇಳಲೆಂದೇ ಒಳ್ಳೆಯ ಸೀರೆ ಉಟ್ಟಿದ್ದಳು.

ಇವತ್ತು ಸೆಕೆ ಎಂದರೆ ಸೆಕೆ. ಮಧ್ಯಾಹ್ನ ಬಂದರಿನ ಬದಿಗೆ ಹೋಗಿದ್ದವಳು, ಸುಮ್ಮನೆ, ಹಾದಿಯಲ್ಲೇ ಇದೆಯಲ್ಲ ಎಂದು ಐಸ್ ಪ್ಲಾಂಟಿಗೆ ಹೊಕ್ಕೆ. ಅಪ್ಪಯ್ಯನ ಬೈರಾಸು ಹೇಗೋ ನನ್ನ ಚೀಲದಲ್ಲೇ ಇತ್ತು. ಒಂದು ತುಂಡು ಕಟ್ಟಿಸಿಕೊಂಡು ಬಂದೆ. ಅಮ್ಮನ ಸೀರೆ ಮೇಲಿನ ಖಾನೆಗೆ ಹಾಕಿ, ಐಸು ಇಟ್ಟು, ಟಾರ್ಚಿಗೆ ಹೊಸ ಸೆಲ್ಲು ಹಾಕಿದೆ. ಸೆಲ್ಲು ಕೂಡ ಅಂಗಡಿಯಲ್ಲಿ ಕಂಡದ್ದಕ್ಕೆ ತಂದದ್ದು.

ಸಂಜೆ ಲೀಲಾಧರ ಸಾರ್ ಭಾನುವಾರವೂ ಬಿಡದೆ ಬೇರೆ ಯಾರದೋ ಮಹಜರಿಗೆಂದು ಕೇರಿಗೆ ಬಂದವರು ಹಾದು ಹೋಗುತ್ತಿದ್ದರು. ಜಲಜಕ್ಕನೂ ಕುಷ್ಟಣ್ಣನೂ ಕಟ್ಟೆಯಲ್ಲಿದ್ದರು. ನಾನು ಬಾಗಿಲಿಗೆ ಬಂದು ಕೂಗಿದೆ.

"ಹ್ವಾಯ್ ಸಾರ್! ಜಲಜಕ್ಕ! ಬನಿ, ಫ್ರಿಜ್ಜಿನ್ ಶರಬತ್ತ್ ಕುಡ್ಕಂಡ್ ಹೋಯ್ನಿ!"

ಚಾವಡಿಯಲ್ಲಿ ಮಲಗಿದ್ದ ಅಪ್ಪಯ್ಯ ಧಡಕ್ಕನೆ ಎದ್ದು ಕೂತರು. ಸಾರ್ ಒಂದು ಗಳಿಗೆ ಅನುಮಾನಿಸಿ ಹೊಟ್ಟೆಯ ಮೇಲೆ ಕೈ ಆಡಿಸಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಎಲ್ಲರೂ ಬಂದರು. ನಾನು ಫ್ರಿಜ್ಜಿನ ಬಾಗಿಲಿಗೆ ಕೈ ಹಾಕಿದೆ.

"ತಡಿ ಮಗಾ," ಎಂದರು ಅಪ್ಪಯ್ಯ. ಎದ್ದು ಬಂದು ನನ್ನನ್ನು ಮೆಲ್ಲ ಬದಿಗೆ ಸರಿಸಿದರು. "ಒಂದ್ಗಳಿ, ಸಾಮಾನ್ ಸರಿ ಮಾಡ್ತೆ."

ಲೈಟು ಹತ್ತಿತು. ಅಪ್ಪಯ್ಯನೇ ಲಿಂಬೆ ಹಿಂಡಿ, ಸಕ್ಕರೆ ಕದಡಿ, ಲೋಟ ಲೋಟ ಎಲ್ಲರಿಗೂ ಕೊಟ್ಟರು. ಸಾರ್ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದು, "ಬಾರಿ ತಂಪ್ ಸೂರಣ್ಣ" ಎಂದರು.

ಅಪ್ಪಯ್ಯ ಮೀಸೆ ತಿರುವಿದರು. "ಇವತ್ತ್ ವೋಲ್ಟೇಜ್ ಲಾಯ್ಕಿತ್ತ್ ಸಾರ್."

"ಹೌದೌದ್, ರಾಶಿ ಲಾಯ್ಕಿತ್ತ್," ಎಂದರು ಜಲಜಕ್ಕ.

ಬಂಗಡೆಯ ವಾಸನೆ ಇತ್ತು. ನಾನು ಇನ್ನೊಂದು ಲೋಟ ಹಾಕಿಸಿಕೊಂಡೆ.